ಅರ್ಧ ಮಲ್ ಅಕ್ಕಿ, ಒಂದು ಏಕವಚನ

ಬೀಳ್ಕೊಡುಗೆಯ ಊಟ ನನಗಾಗಿಯೇ ಎಂದುಕೊಂಡು ಒಂದು ವಾರ ಬೀಗಿದ್ದೆ. ಸೀರೆ ಉಡಲೋ ಬೇಡವೋ ಎಂದು ತಿಪಟೂರಿನಲ್ಲಿದ್ದ ಅಮ್ಮನ ಜೊತೆ ಫೋನಿನಲ್ಲಿ ಎರಡು ಸಲ ಚರ್ಚೆಯೂ ಆಗಿತ್ತು. ಆಮೇಲೆ ಶಾಲೆಯ ಸುತ್ತೋಲೆ ಬಂತು. ನಿಘಂಟು ಪಕ್ಕದಲ್ಲಿಟ್ಟುಕೊಂಡು ಸಾಲು ಸಾಲಾಗಿ ಓದಿದೆ. ಹೊರಡುವವರ ಪಟ್ಟಿಯಲ್ಲಿ ಆರು ಹೆಸರುಗಳಿದ್ದವು. ನನ್ನದು ಆರನೆಯದು.

ದಕ್ಷಿಣ ಕೊರಿಯಾದಲ್ಲಿ ಶಾಲಾ ವರ್ಷ ಮಾರ್ಚ್‌ನಲ್ಲಿ ಶುರುವಾಗಿ ಫೆಬ್ರವರಿಯಲ್ಲಿ ಮುಗಿಯುತ್ತದೆ. ಸರಕಾರಿ ಶಾಲೆಯ ಶಿಕ್ಷಕರು ಸಾಮಾನ್ಯವಾಗಿ ನಾಲ್ಕೈದು ವರ್ಷಕ್ಕೊಮ್ಮೆ ಶಾಲೆ ಬದಲಿಸಲೇಬೇಕು. ಆ ಆದೇಶಗಳೂ ಫೆಬ್ರವರಿಯಲ್ಲೇ ಬರುತ್ತವೆ. ಅರವತ್ತೆರಡು ತುಂಬಿದವರ ನಿವೃತ್ತಿಯೂ ಫೆಬ್ರವರಿ ಇಲ್ಲವೇ ಆಗಸ್ಟ್ ಕೊನೆಗೆ. ಹಾಗಾಗಿ ಫೆಬ್ರವರಿ ಮಧ್ಯದಲ್ಲಿ ಊರಿನ ಪ್ರತಿ ಹೋಟೆಲಿನಲ್ಲೂ ಯಾವುದಾದರೂ ಶಾಲೆಯವರು ಯಾರಿಗಾದರೂ ವಿದಾಯ ಹೇಳುತ್ತಿರುತ್ತಾರೆ. ಅದಕ್ಕೆ ಹೆಸರೂ ಇದೆ: ಸೊಂಗ್‌ಬ್ಯೊಲ್‌ಹ್ವೆ. ನಮ್ಮಪ್ಪ ಪ್ರಾಥಮಿಕ ಶಾಲೆಯ ಮೇಷ್ಟ್ರು. ನಮ್ಮ ಮನೆಯಲ್ಲಿ ವರ್ಗಾವಣೆ ಎಂಬ ಮಾತು ಬಂದರೆ ಅಮ್ಮ ದೇವರ ಮುಂದೆ ಹೋಗಿ ನಿಲ್ಲುತ್ತಿದ್ದಳು. ಇಲ್ಲಿ ಅದು ಋತು ಬದಲಾದಷ್ಟೇ ಸಹಜ. ಚಳಿಗಾಲದ ರಜೆ ಮುಗಿಸಿ ಬಂದವರು ಮೇಜಿನ ಖಾನೆ ಖಾಲಿ ಮಾಡುತ್ತಾರೆ, ರಟ್ಟಿನ ಪೆಟ್ಟಿಗೆ ಕಟ್ಟುತ್ತಾರೆ, ಊಟ ಮಾಡುತ್ತಾರೆ, ಹೋಗುತ್ತಾರೆ.

ನಾನು ಅಲ್ಲಿಗೆ ಹೋದದ್ದು ಹೇಗೆ ಎಂದು ಈಗಲೂ ಕೇಳುವವರಿದ್ದಾರೆ. ಇಂಗ್ಲಿಷ್ ಕಲಿಸಲು ಕೊರಿಯಾ ಕರೆಸಿಕೊಳ್ಳುವುದು ಬಹುಪಾಲು ಅಮೆರಿಕ, ಬ್ರಿಟನ್, ಕೆನಡಾದಂಥ ಇಂಗ್ಲಿಷ್ ಮಾತೃಭಾಷೆಯ ದೇಶಗಳವರನ್ನು. ಆದರೆ 2010ರ ಜನವರಿ 1ರಂದು ಜಾರಿಗೆ ಬಂದ ಭಾರತ-ಕೊರಿಯಾ ಆರ್ಥಿಕ ಸಹಭಾಗಿತ್ವ ಒಪ್ಪಂದದಲ್ಲಿ ನಮ್ಮಂಥವರಿಗೂ ಒಂದು ಕಿಂಡಿ ಇದೆ. ಇಂಗ್ಲಿಷ್ ಪದವಿ, ಜೊತೆಗೆ ಶಿಕ್ಷಕ ತರಬೇತಿಯ ಪ್ರಮಾಣಪತ್ರ ಇದ್ದರೆ ಶಾಲೆಯಲ್ಲಿ ಸಹಾಯಕ ಶಿಕ್ಷಕಿಯಾಗಬಹುದು. ನನ್ನ ಎಂ.ಎ., ಬಿ.ಎಡ್. ಆ ಕಿಂಡಿಯಲ್ಲಿ ತೂರಿಕೊಂಡವು. ದೇಶದ ದಕ್ಷಿಣ ತುದಿಯ ಸುನ್‌ಚೊನ್ ಎಂಬ ಊರಿನ ಮಾಧ್ಯಮಿಕ ಶಾಲೆಯಲ್ಲಿ ಎರಡು ವರ್ಷ ಇದ್ದೆ. ಕೊಲ್ಲಿಯ ತುಂಬ ಜೊಂಡು, ಬೆನ್ನಿಗೆ ಬೆಟ್ಟ, ಬೆಟ್ಟದಲ್ಲಿ ಹಳೆಯ ಬೌದ್ಧ ವಿಹಾರಗಳು. ಒಳ್ಳೆಯ ಊರು.

ಊಟದ ಖರ್ಚು ಯಾರದು? ಚಿನ್‌ಮೊಖ್ವೆಯದು. ಅದು ಶಿಕ್ಷಕರ ಸ್ನೇಹಕೂಟ. ಪ್ರತಿ ತಿಂಗಳೂ 20,000 ವನ್, ಎಂದರೆ ಆಗಿನ ಲೆಕ್ಕದಲ್ಲಿ ಸಾವಿರದ ಇನ್ನೂರು ರೂಪಾಯಿ, ವಂತಿಗೆ ಕೊಡಬೇಕು. ಮದುವೆ, ಸಾವು, ಹೆರಿಗೆ, ವರ್ಗಾವಣೆ ಎಲ್ಲಕ್ಕೂ ಆ ಗಂಟಿನಿಂದಲೇ ಹಣ. ಗೊತ್ತೇ ಇಲ್ಲದ ಯಾರದೋ ಮಾವನ ಸಾವಿಗೆ ನಾನೇಕೆ ಕೊಡಬೇಕು ಎಂದು ಎರಡು ವರ್ಷ ಒಳಗೊಳಗೇ ಗೊಣಗಿದ್ದೆ. ಕೂಟದ ಕಾರ್ಯದರ್ಶಿ ಎರಡನೆಯ ತರಗತಿಯ ವಿಜ್ಞಾನದ ಮೇಷ್ಟ್ರು, ಇನ್ನೂ ಮೂವತ್ತು ದಾಟದ ಹುಡುಗ. ಪೈಸೆ ಪೈಸೆಗೂ ಲೆಕ್ಕ ಇಡುವವನು. ಅವನ ಕಥೆ ಕೊನೆಗೆ ಬರುತ್ತದೆ.

ಹೊರಡುವವರು ಸುಮ್ಮನೆ ಹೋಗಿ ಉಂಡು ಬರುವಂತಿಲ್ಲ. ಎಲ್ಲರಿಗೂ ತ್ತೊಕ್ ಹಂಚಬೇಕು. ತ್ತೊಕ್ ಎಂದರೆ ಅಕ್ಕಿಯ ಕಡುಬಿನ ಜಾತಿಯದು. ಕೊರಿಯಾದವರಿಗೆ ಯಾವ ಶುಭಕಾರ್ಯವೂ ಅದಿಲ್ಲದೆ ಮುಗಿಯದು. ಅದನ್ನು ಮಾಡಿಸುವುದು ಪಂಗತ್ಕನ್‌ನಲ್ಲಿ, ಅಂದರೆ ಗಿರಣಿಯಲ್ಲಿ. ಮಾರುಕಟ್ಟೆಯ ಒಳಗಿನ ಗಿರಣಿಗೆ ಹೋದೆ. ಮೆಣಸಿನ ಪುಡಿಯ ಘಾಟು, ಎಣ್ಣೆ ತೆಗೆಯುವ ಎಳ್ಳಿನ ವಾಸನೆ, ಹಬೆಯಲ್ಲಿ ಬೇಯುವ ಅಕ್ಕಿ. ತಿಪಟೂರಿನ ಹಿಟ್ಟಿನ ಗಿರಣಿಗೆ ಕಣ್ಣು ಕಟ್ಟಿ ಕರೆದುಕೊಂಡು ಹೋದ ಹಾಗಾಯಿತು. ಗಿರಣಿಯ ಅಜ್ಜಿ ಎಷ್ಟು ಬೇಕು ಎಂದು ಕೇಳಿದರು. ಅಲ್ಲಿನ ಅಳತೆ ಈಗಲೂ ಮಲ್. ಒಂದು ಮಲ್ ಎಂದರೆ ಎಂಟು ಕಿಲೋ ಅಕ್ಕಿ. ನಲವತ್ತು ಜನರಿಗೆ ಅರ್ಧ ಸಾಕು ಎಂದು ಲೆಕ್ಕ ಹಾಕಿ, ಅರ್ಧಕ್ಕೆ ಪನ್ ಎನ್ನುತ್ತಾರೆಂದು ನೆನಪಿಸಿಕೊಂಡು, "ಪನ್‌ಮಲ್" ಎಂದೆ.

ಅಜ್ಜಿ ಗಹಗಹಿಸಿ ನಕ್ಕರು. "ಆಗಲಿ, ನೀನು ಪನ್‌ಮಲ್‌ನಲ್ಲೇ ಮಾತಾಡು, ನನಗೇನೂ ಬೇಸರವಿಲ್ಲ" ಎಂದರು.

ತಮಾಷೆ ಅರ್ಥವಾಗಲು ಬಸ್ಸಿನಲ್ಲಿ ಕೂರುವವರೆಗೂ ಸಮಯ ಬೇಕಾಯಿತು. ಮಲ್ ಎಂದರೆ ಅಳತೆಯೂ ಹೌದು, ಮಾತೂ ಹೌದು. ಪನ್‌ಮಲ್ ಎಂದರೆ ಅರ್ಧ ಅಳತೆ. ಅರ್ಧ ಮಾತೂ ಹೌದು. ಗೌರವದ ಪ್ರತ್ಯಯಗಳನ್ನೆಲ್ಲ ಕತ್ತರಿಸಿ ಹಾಕಿದ ಮಾತು, ನಮ್ಮ ಏಕವಚನ. ಗೆಳೆಯರ ನಡುವೆ, ಮಕ್ಕಳೊಂದಿಗೆ, ಮನೆಯೊಳಗೆ ಆಡುವಂಥದ್ದು. ಅನುಮತಿ ಇಲ್ಲದೆ ಆಡಿದರೆ ಜಗಳ. ಶಾಲೆಯಲ್ಲಿ ಎರಡು ವರ್ಷ ನನ್ನೊಂದಿಗೆ ಒಬ್ಬರೂ ಪನ್‌ಮಲ್ ಆಡಿರಲಿಲ್ಲ. ನನಗಿಂತ ಮೂವತ್ತು ವರ್ಷ ದೊಡ್ಡವರೂ "ಸೊನ್‌ಸೆಂಗ್‌ನಿಮ್" ಎಂದೇ ಕರೆಯುತ್ತಿದ್ದರು. ಗುರುಗಳೇ ಎಂಬ ಹಾಗೆ. ಮರ್ಯಾದೆ ಬೆಟ್ಟದಷ್ಟಿತ್ತು, ಅದನ್ನು ಹತ್ತಿ ಆಚೆ ಇಳಿಯುವ ದಾರಿ ಮಾತ್ರ ಕಾಣುತ್ತಿರಲಿಲ್ಲ.

ಮಕ್ಕಳ ವಿದಾಯ ಹಗಲಿನಲ್ಲೇ ಮುಗಿದಿತ್ತು. ಅವರು ಕೊಟ್ಟದ್ದು ಬರೀ ಕಾಗದಗಳು. ಲಂಚ ಮತ್ತು ಪ್ರಭಾವ ತಡೆಯುವ ಕಾನೂನು 2016ರ ಸೆಪ್ಟೆಂಬರ್ 28ರಿಂದ ಜಾರಿಯಲ್ಲಿದೆ. ತನಗೆ ಅಂಕ ಹಾಕುವ ಶಿಕ್ಷಕರಿಗೆ ವಿದ್ಯಾರ್ಥಿ ಒಂದು ಡಬ್ಬಿ ಕಾಫಿ ಕೊಟ್ಟರೂ ತಪ್ಪು. ಹಾಗಾಗಿ ಕಾಗದದಲ್ಲೇ ಕಾಫಿ ಲೋಟದ ಚಿತ್ರ ಬರೆದು ಕೊಟ್ಟಿದ್ದಳು ಒಬ್ಬ ಹುಡುಗಿ. ಕೆಳಗೆ ಇಂಗ್ಲಿಷಿನಲ್ಲಿ, "ಇದು ಕಾನೂನುಬದ್ಧ" ಎಂದು. ನಾನು ಕಲಿಸಿದ ಇಂಗ್ಲಿಷ್ ಅಷ್ಟಾದರೂ ಕೆಲಸಕ್ಕೆ ಬಂತು.

ಫೆಬ್ರವರಿ 15, 2019, ಶುಕ್ರವಾರ, ಸಂಜೆ ಆರು ಗಂಟೆ. ಹಂದಿಯ ಮಾಂಸ ಸುಡುವ ಹೋಟೆಲು. ಒಳಗೆ ಉದ್ದನೆಯ ಕೋಣೆ, ಗಿಡ್ಡ ಮೇಜುಗಳು, ಕೂರಲು ನೆಲದ ಮೇಲೆ ತೆಳು ದಿಂಬು. ಬಾಗಿಲಲ್ಲಿ ನಲವತ್ತು ಜೊತೆ ಚಪ್ಪಲಿ, ಬೂಟು. ಒಲೆಯ ಬಿಸಿ ನೆಲದ ಕೆಳಗೆ ಹರಿಯುವ ಓಂದೊಲ್ ಪದ್ಧತಿಯಲ್ಲಿ ನೆಲ ಬೆಚ್ಚಗಿರುತ್ತದೆ. ಹೊರಗೆ ಮೈ ಕೊರೆಯುವ ಗಾಳಿ. ಚಕ್ಕಳಮಕ್ಕಳ ಹಾಕಿ ಕೂತವಳು ನಾನು ಮೂರು ಗಂಟೆ ಅಲ್ಲಾಡಲಿಲ್ಲ. ಮೇಜು ಕುರ್ಚಿಯಲ್ಲಿ ಬೆಳೆದ ಎಳೆಯ ಶಿಕ್ಷಕರು ಅರ್ಧ ಗಂಟೆಗೊಮ್ಮೆ ಕಾಲು ಚಾಚಿ ನರಳುತ್ತಿದ್ದರು. ಎರಡು ವರ್ಷದಲ್ಲಿ ನಾನು ಅವರಿಗಿಂತ ಚೆನ್ನಾಗಿ ಮಾಡಿದ ಒಂದೇ ಕೊರಿಯನ್ ಕೆಲಸ ಇದು.

ನಡುವಿನ ಮೇಜಿಗೆ ಮುಖ್ಯೋಪಾಧ್ಯಾಯರು, ಪಕ್ಕದಲ್ಲಿ ಉಪಮುಖ್ಯೋಪಾಧ್ಯಾಯಿನಿ, ಎದುರಿಗೆ ಹೊರಡುವ ನಾವು ಆರು ಜನ. ಎರಡು ವರ್ಷ ಬಾಗಿಲ ಬಳಿಯ ಮೂಲೆಯೇ ನನ್ನ ಜಾಗ. ಅದು ಕಿರಿಯರ ಜಾಗ. ನೀರು, ಚಮಚ, ಒರೆಸುವ ಕಾಗದ ಹಂಚುವವರದು. ಶಾಲೆಯವರ ಈ ಸಾಮೂಹಿಕ ಊಟಗಳನ್ನು, ಹ್ವೆಸಿಕ್ ಎನ್ನುತ್ತಾರೆ, ನಾನು ಸಾಕಷ್ಟು ಬೈದುಕೊಂಡಿದ್ದೇನೆ. ಕೆಲಸ ಮುಗಿದ ಮೇಲೆ ಮನೆಗೆ ಹೋಗಲು ಬಿಡದೆ ಮತ್ತೆ ಅದೇ ಮುಖಗಳ ಎದುರು ಕೂರಿಸುವುದು ಯಾವ ನ್ಯಾಯ? ಈಗಲೂ ನನ್ನ ಅಭಿಪ್ರಾಯ ಪೂರ್ತಿ ಬದಲಾಗಿಲ್ಲ.

ಅದರ ಮೇಲೆ ನಾನು ಸಸ್ಯಾಹಾರಿ. ಮೊದಲ ಮೂರು ತಿಂಗಳು ಕಿಮ್ಚಿಯನ್ನು ಎಲೆಕೋಸಿನ ಉಪ್ಪಿನಕಾಯಿ ಎಂದು ನಂಬಿ ಎರಡೆರಡು ಸಲ ಹಾಕಿಸಿಕೊಂಡೆ. ಅದರಲ್ಲಿ ಉಪ್ಪು ಹಾಕಿ ಕೊಳೆಸಿದ ಸಿಗಡಿ, ಬೂತಾಯಿಯಂಥ ಪುಟ್ಟ ಮೀನಿನ ರಸ ಇರುತ್ತದೆ, ಅದರಲ್ಲೂ ಸುನ್‌ಚೊನ್ ಇರುವ ಜೊಲ್ಲಾ ಸೀಮೆಯವರು ಕೈ ಬಿಟ್ಟು ಹಾಕುತ್ತಾರೆ ಎಂದು ತಿಳಿದ ದಿನ ಅಮ್ಮನಿಗೆ ಹೇಳಲಿಲ್ಲ. ಇವತ್ತಿಗೂ ಹೇಳಿಲ್ಲ. ಆಮೇಲಿನ ಹ್ವೆಸಿಕ್‌ಗಳಲ್ಲಿ ಅನ್ನ, ಸೊಪ್ಪು, ಮೊಟ್ಟೆಯಲ್ಲಿ ದಿನ ದೂಡಿದೆ.

ಆ ಸಂಜೆ ನನ್ನ ಮೇಜಿನ ತುದಿಯಲ್ಲಿ ಇನ್ನೊಂದು ಪುಟ್ಟ ಒಲೆ ಇತ್ತು. ಅದರ ಮೇಲೆ ಹಂದಿ ಕೊಬ್ಬು ಸೋಕದ ಹೊಸ ಹೆಂಚು. ಪಕ್ಕದ ತಟ್ಟೆಯಲ್ಲಿ ದಪ್ಪ ಕಾಂಡದ ಅಣಬೆ, ಸೋಯಾ ಗಿಣ್ಣಿನಂಥ ತೋಫು, ಹಸಿಮೆಣಸಿನಕಾಯಿ, ಸಿಹಿಕುಂಬಳ. ಯಾರು ಹೇಳಿದರು ಎಂದು ಯಾರೂ ಹೇಳಲಿಲ್ಲ. ಹೋಟೆಲಿನೊಡತಿ ಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿ, ಬೆಳ್ಳುಳ್ಳಿಯ ಬಟ್ಟಲನ್ನೂ ಈರುಳ್ಳಿ ಎಲೆಯ ಪಚಡಿಯನ್ನೂ ನನ್ನ ಮುಂದಿನಿಂದ ಎತ್ತಿಕೊಂಡು ಹೊರಟರು. ಅಲ್ಲಿ ಮಾಂಸ ಬಿಟ್ಟವರು ಎಂದರೆ ಸನ್ಯಾಸಿಗಳು. ಸನ್ಯಾಸಿಗಳಿಗೆ ಬೆಳ್ಳುಳ್ಳಿ, ಈರುಳ್ಳಿ ಜಾತಿಯವೂ ನಿಷಿದ್ಧ. "ನಾನು ಸನ್ಯಾಸಿನಿಯಲ್ಲ, ಬೆಳ್ಳುಳ್ಳಿ ಕೊಡಿ" ಎಂದು ಕೂಗಿ ಹೇಳಬೇಕಾಯಿತು. ಇಡೀ ಕೋಣೆ ನಕ್ಕಿತು. ಅಂದಹಾಗೆ, ಕೊರಿಯಾದ ಬೌದ್ಧ ವಿಹಾರಗಳ ಅಡುಗೆಯಲ್ಲಿ ನಿಷಿದ್ಧವಾದ ಐದು ಘಾಟಿನ ಪದಾರ್ಥಗಳಲ್ಲಿ ಇಂಗೂ ಒಂದು. ಆ ದೇಶದಲ್ಲಿ ಇಂಗು ಬೆಳೆಯುವುದಿಲ್ಲ, ಅಡುಗೆಗೂ ಬಳಸುವುದಿಲ್ಲ, ಆದರೂ ನಿಷೇಧ ಮಾತ್ರ ಗ್ರಂಥದ ಜೊತೆ ನಡೆದು ಬಂದಿದೆ. ನಮ್ಮ ಮಡಿ ಅಡುಗೆಮನೆಗಳಲ್ಲಿ ಬೆಳ್ಳುಳ್ಳಿ ಬೇಡ ಎಂದವರೇ ಇಂಗಿನ ಡಬ್ಬಿ ತೆರೆಯುತ್ತಾರೆ. ಈ ವಿಷಯವನ್ನು ಉಪಮುಖ್ಯೋಪಾಧ್ಯಾಯಿನಿಗೆ ವಿವರಿಸಲು ಹೊರಟೆ; ಇಂಗಿಗೆ ಕೊರಿಯನ್ ಪದ ಬಾಯಿಗೆ ಬಾರದೆ, ಮೂಗು ಹಿಡಿದು ಅಭಿನಯಿಸಿ, ಅವರು ಅದನ್ನು ಇನ್ನೇನೋ ಎಂದು ಅರ್ಥಮಾಡಿಕೊಂಡು, ಅಲ್ಲಿಗೆ ಬಿಟ್ಟೆ.

ಮಾಂಸದ ಮೇಜುಗಳಲ್ಲಿ ಕಾರ್ಯಾಚರಣೆ ಭರದಿಂದ ಸಾಗಿತ್ತು. ಸಮ್‌ಗ್ಯೊಪ್‌ಸಲ್ ಎಂಬ ಹೊಟ್ಟೆ ಭಾಗದ ಮಾಂಸದ ಉದ್ದನೆಯ ಪಟ್ಟಿಗಳನ್ನು ಹೆಂಚಿಗೆ ಹಾಕಿ, ಇಕ್ಕಳದಲ್ಲಿ ಎತ್ತಿ ಹಿಡಿದು, ಕತ್ತರಿಯಲ್ಲಿ ಕಚಕಚ ಕತ್ತರಿಸುತ್ತಾರೆ. ದರ್ಜಿಯ ಕೆಲಸದ ಹಾಗೆ. ಮೇಜಿಗೊಬ್ಬರು ಕತ್ತರಿ ಹಿಡಿದವರು ಇರುತ್ತಾರೆ. ಅವರು ಕೊನೆಗೆ ಉಣ್ಣುತ್ತಾರೆ. ನನ್ನ ಅಣಬೆಯ ಕತ್ತರಿ ಹಿಡಿದವರು ಗೃಹವಿಜ್ಞಾನದ ಮೇಡಂ. ನನಗೆ ಮುಟ್ಟಲೂ ಬಿಡಲಿಲ್ಲ.

ಆಮೇಲೆ ಅವರು ಎಡ ಅಂಗೈಯಲ್ಲಿ ಲೆಟಿಸ್ ಎಲೆ ಹರಡಿದರು. ಅದರ ಮೇಲೆ ಕ್ಕೆನ್ನಿಪ್ ಎಲೆ, ಹಿಂಬದಿಯಲ್ಲಿ ನೇರಳೆ ಛಾಯೆ, ಅಂಚು ಗರಗಸದ ಹಾಗೆ. ಆ ಗಿಡವನ್ನು ಅವರು ಕಾಡೆಳ್ಳು ಎನ್ನುತ್ತಾರೆ, ನಾವು ಬೇರೊಂದು ಗಿಡವನ್ನು ಹುಚ್ಚೆಳ್ಳು ಎಂದ ಹಾಗೆ, ಎರಡೂ ಎಳ್ಳಲ್ಲ. ಎಲೆಯ ಮೇಲೆ ಚಿಟಿಕೆ ಅನ್ನ, ಸುಟ್ಟ ಅಣಬೆಯ ಎರಡು ಬಿಲ್ಲೆ, ಹೋರಾಡಿ ಪಡೆದ ಬೆಳ್ಳುಳ್ಳಿಯ ಒಂದು ಚೂರು, ಚಮಚದ ತುದಿಯಷ್ಟು ಖಾರದ ಸೋಯಾ ಹಿಂಡಿ. ನಾಲ್ಕೂ ಕಡೆಯಿಂದ ಮಡಚಿ ಬೀಡದ ಹಾಗೆ ಕಟ್ಟಿ, ನನ್ನ ತಟ್ಟೆಗೆ ಇಡುತ್ತಾರೆ ಎಂದುಕೊಂಡು ನಾನು ಕೈ ಚಾಚಿದರೆ, ಕೈ ತಳ್ಳಿ ನೇರ ಬಾಯಿಗೆ ತಂದರು. "ಆ ಅನ್ನಿ."

ಕೈತುತ್ತು. ನನಗೆ ಮೂವತ್ತೊಂದು ವರ್ಷ. ಮುಖ್ಯೋಪಾಧ್ಯಾಯರ ಎದುರಿಗೆ, ನಲವತ್ತು ಜನರ ಮುಂದೆ ಬಾಯಿ ತೆರೆದೆ. ಅದನ್ನು ಕಚ್ಚಿ ಎರಡು ಮಾಡುವಂತಿಲ್ಲ, ಒಂದೇ ಬಾಯಿಗೆ ಹೋಗಬೇಕು. ಕೆನ್ನೆ ಉಬ್ಬಿ, ಕಣ್ಣಲ್ಲಿ ನೀರು. ನೀರು ಬೆಳ್ಳುಳ್ಳಿಯದು ಎಂದು ಎಲ್ಲರಿಗೂ ಸನ್ನೆ ಮಾಡಿದೆ.

ಇನ್ನು ಗಣಿತದ ಮೇಷ್ಟ್ರ ವಿಷಯ ಹೇಳಬೇಕು. ಪಟ್ಟಿಯಲ್ಲಿ ಮೊದಲ ಹೆಸರು ಅವರದು. ಅವರದು ವರ್ಗಾವಣೆಯಲ್ಲ, ನಿವೃತ್ತಿ. ಶಿಕ್ಷಕರ ಕೊಠಡಿಯಲ್ಲಿ ನನ್ನ ಪಕ್ಕದ ಮೇಜು. ಮೊದಲ ಆರು ತಿಂಗಳು ನನ್ನೊಂದಿಗೆ ಒಂದು ಮಾತೂ ಆಡಲಿಲ್ಲ. ನಾನು ಅಹಂಕಾರ ಎಂದುಕೊಂಡಿದ್ದೆ. ಇಂಗ್ಲಿಷಿನಲ್ಲಿ ಮಾತಾಡಬೇಕಾಗುತ್ತದೆ ಎಂಬ ಹೆದರಿಕೆ ಎಂದು ಬೇರೆಯವರು ಹೇಳಿದರು. ಚಳಿಗಾಲ ಬಂದಾಗ ನನ್ನ ಮೇಜಿನ ಮೇಲೆ ಬೆಳಿಗ್ಗೆ ಬೆಳಿಗ್ಗೆ ಜೆಜು ದ್ವೀಪದ ಕಿತ್ತಳೆ ಎರಡು ಇರತೊಡಗಿದವು. ಥ್ಯಾಂಕ್ಸ್ ಹೇಳಿದರೆ ಕಂಪ್ಯೂಟರ್ ಪರದೆಯಿಂದ ಕಣ್ಣು ತೆಗೆಯದೆ ತಲೆ ಬಾಗಿಸುತ್ತಿದ್ದರು. ನನ್ನ ಕೊರಿಯನ್ ಸ್ವಲ್ಪ ಸುಧಾರಿಸಿದ ಮೇಲೆ ಮಾತು ಶುರುವಾಯಿತು. ಎಲ್ಲವೂ ಬಹುವಚನ, ಎಲ್ಲವೂ ಪೂರ್ತಿ ಮರ್ಯಾದೆ.

ಕೊರಿಯಾದಲ್ಲಿ ತನ್ನ ಲೋಟಕ್ಕೆ ತಾನೇ ಸುರಿದುಕೊಳ್ಳುವಂತಿಲ್ಲ. ಪಕ್ಕದವರ ಲೋಟ ಖಾಲಿಯಾದದ್ದನ್ನು ನೋಡಿ ನೀವು ತುಂಬಬೇಕು, ನಿಮ್ಮದನ್ನು ಅವರು. ಕಿರಿಯರು ಎರಡೂ ಕೈಯಲ್ಲಿ ಸುರಿಯಬೇಕು, ಎರಡೂ ಕೈಯಲ್ಲಿ ಹಿಡಿಯಬೇಕು, ಕುಡಿಯುವಾಗ ಹಿರಿಯರ ಎದುರಿನಿಂದ ಮುಖ ಆಚೆ ತಿರುಗಿಸಬೇಕು. ನಾನು ಮದ್ಯ ಕುಡಿಯುವುದಿಲ್ಲ. ನನ್ನಂಥವರಿಗೆ ಸೋಜು ಎಂಬ ಅಲ್ಲಿನ ಮದ್ಯದ ಪುಟ್ಟ ಗಾಜಿನ ಲೋಟದಲ್ಲೇ ಸೈದಾ ಹಾಕುತ್ತಾರೆ. ಬಣ್ಣವಿಲ್ಲದ ನಿಂಬೆ ಸೋಡಾ. ದೂರದಿಂದ ನೋಡಿದವರಿಗೆ ಸೋಜುವೇ. ಗಣಿತದ ಮೇಷ್ಟ್ರು ಮಂಡಿಯಲ್ಲಿ ಸರಿದು ನನ್ನ ಪಕ್ಕ ಬಂದು ಸೈದಾ ಬಾಟಲಿ ಎತ್ತಿದರು. ಎರಡೂ ಕೈಯಲ್ಲಿ. ಬಲಗೈಯಲ್ಲಿ ಬಾಟಲಿ, ಎಡಗೈ ಬಲ ಮಣಿಕಟ್ಟಿನ ಕೆಳಗೆ. ಅರವತ್ತೆರಡರ ಹಿರಿಯರು ನನಗೆ ಹಾಗೆ ಸುರಿಯಬೇಕಾಗಿರಲಿಲ್ಲ. ಒಂದು ಕೈ ಸಾಕಿತ್ತು. ನಾನು ಗಾಬರಿಯಾಗಿ ಲೋಟ ಎತ್ತಿದ ರಭಸಕ್ಕೆ ಅರ್ಧ ಸೈದಾ ಅವರ ಅಂಗಿಯ ತೋಳಿಗೆ ಚೆಲ್ಲಿತು. ಅವರು ತೋಳು ಒರೆಸಿಕೊಂಡು ಮತ್ತೆ ತುಂಬಿದರು. ಮತ್ತೆ ಎರಡೂ ಕೈಯಲ್ಲಿ.

ಮಾಂಸ ಎಲ್ಲ ಮುಗಿದ ಮೇಲೆ ಹೋಟೆಲಿನೊಡತಿ ಬಂದು, "ಊಟಕ್ಕೆ ಏನು ಕೊಡಲಿ?" ಎಂದು ಕೇಳಿದರು. ಮೊದಲ ಸಲ ಈ ಪ್ರಶ್ನೆ ಕೇಳಿದಾಗ ಬೆಚ್ಚಿಬಿದ್ದಿದ್ದೆ. ಇಷ್ಟು ಹೊತ್ತು ಆದದ್ದು ಏನು ಹಾಗಾದರೆ? ಅನ್ನವೋ ಶಾವಿಗೆಯೋ ಹೊಟ್ಟೆಗೆ ಬಿದ್ದರೆ ಮಾತ್ರ ಅವರಿಗೆ ಊಟ. ನಮ್ಮಜ್ಜಿ ಇದನ್ನು ಯಾವ ವಿವರಣೆಯೂ ಇಲ್ಲದೆ ಒಪ್ಪುತ್ತಿದ್ದಳು. ಮುದ್ದೆ ಮುರಿಯದೆ ಎದ್ದವನನ್ನು ಅವಳು ಉಂಡವನೆಂದು ಎಣಿಸುತ್ತಿರಲಿಲ್ಲ. ಮುಚ್ಚಳವಿರುವ ಸ್ಟೀಲ್ ಬಟ್ಟಲಲ್ಲಿ ಅನ್ನ, ಮಣ್ಣಿನ ಕುಡಿಕೆಯಲ್ಲಿ ಕೊತಕೊತ ಕುದಿಯುವ ಸೋಯಾ ಸಾರು ಬಂದವು. ಸಾರಿನ ಬುಡದಲ್ಲಿ ಒಣಮೀನಿನ ಕಷಾಯ ಇದ್ದೇ ಇರುತ್ತದೆಂದು ಗೊತ್ತಿತ್ತು. ಅದನ್ನು ಪಕ್ಕಕ್ಕೆ ಸರಿಸಿ, ಅನ್ನಕ್ಕೆ ಹಬೆಯಲ್ಲಿ ಬೆಂದ ಮೊಟ್ಟೆ ಹಾಕಿಕೊಂಡು ಉಂಡೆ.

ಭಾಷಣಗಳು. ಪ್ರತಿಯೊಬ್ಬರೂ ಎದ್ದು ನಿಂತು ಎರಡು ಮಾತು. ಪಕ್ಕದ ಯೊಸುವಿಗೆ ವರ್ಗವಾದವರು ಅತ್ತರು. ಅರ್ಧ ಗಂಟೆಯ ದಾರಿ ಅದು. ಗಣಿತದ ಮೇಷ್ಟ್ರು ಅತ್ಯಂತ ಚಿಕ್ಕ ಭಾಷಣ ಮಾಡಿದರು. ಎಲ್ಲರೂ ಶ್ರಮಪಟ್ಟಿದ್ದೀರಿ, ಧನ್ಯವಾದ, ಎಂದು ಕೂತುಬಿಟ್ಟರು. ಕೊನೆಗೆ ನಾನು. ಒಂದು ಪುಟ ಬರೆದು, ಕೊರಿಯನ್ ಕಲಿಸುವ ಮೇಡಂ ಹತ್ತಿರ ತಿದ್ದಿಸಿ, ಬಾಯಿಪಾಠ ಮಾಡಿದ್ದೆ. ಗಂಟಲು ಕಟ್ಟಿದರೂ ಕೊನೆಯ ಸಾಲಿನವರೆಗೆ ಬಂದೆ.

ಕೊನೆಯ ಸಾಲು ಬರೀ ವಿದಾಯದ ಮಾತು. ಅದರಲ್ಲೇ ತೊಡಕು. ಕೊರಿಯನ್ನಿನಲ್ಲಿ ಹೋಗುವವರಿಗೆ ಹೇಳುವ ವಿದಾಯ ಒಂದು, ಉಳಿಯುವವರಿಗೆ ಹೇಳುವುದು ಇನ್ನೊಂದು. ಹೋಗುವವಳು ನಾನು, ಆದ್ದರಿಂದ "ಕ್ಷೇಮವಾಗಿ ಇರಿ" ಎನ್ನಬೇಕಿತ್ತು. ಎದುರಿಗೂ ಹೋಗುವವರು ಐದು ಜನ ಕೂತಿದ್ದಾರೆ, ಅವರಿಗೆ ಏನನ್ನಲಿ? ಆ ಗೊಂದಲದಲ್ಲಿ ಎರಡೂ ಮರೆತವು. ನಲವತ್ತು ಮುಖಗಳು ಕಾಯುತ್ತಿದ್ದವು. ನಮ್ಮ ಮನೆಯಲ್ಲಿ ಹೊಸ್ತಿಲು ದಾಟುವಾಗ "ಹೋಗುತ್ತೇನೆ" ಎಂದರೆ ಅಜ್ಜಿ ವಾಪಸು ಕರೆದು ಕೂರಿಸುತ್ತಿದ್ದಳು. ನಾಲಗೆ ಅಲ್ಲಿಗೇ ಹೋಯಿತು. "ತನ್ಯೊ ಒಗೆಸ್ಸುಮ್‌ನಿದ" ಎಂದು ಬಗ್ಗಿ ನಮಸ್ಕರಿಸಿದೆ.

ಹೋಗಿ ಬರುತ್ತೇನೆ. ಕೊರಿಯನ್ನಿನಲ್ಲೂ ಅದು ಹಾಗೇ ಇದೆ, ಅಕ್ಷರಶಃ. ಆದರೆ ಅದನ್ನು ಹೇಳುವುದು ಬೆಳಿಗ್ಗೆ ಶಾಲೆಗೆ ಹೊರಟ ಮಗು ಅಮ್ಮನಿಗೆ, ಕೆಲಸಕ್ಕೆ ಹೊರಟ ಮಗ ಮನೆಯವರಿಗೆ. ಸಂಜೆಗೆ ಮರಳುವವರ ಮಾತು. ಖಾಯಮ್ಮಾಗಿ ದೇಶ ಬಿಟ್ಟು ಹೋಗುವವಳು ಹೋಟೆಲಿನಲ್ಲಿ ನಿಂತು ಹೇಳುವುದಲ್ಲ. ಒಂದು ಕ್ಷಣ ಸದ್ದಿಲ್ಲ. ಆಮೇಲೆ ನಗೆ, ಚಪ್ಪಾಳೆ.

ನಗೆಯ ನಡುವೆ ಗಣಿತದ ಮೇಷ್ಟ್ರ ದನಿ ಕೇಳಿತು. ಅವರು ನಗುತ್ತಿರಲಿಲ್ಲ. ಮಕ್ಕಳಿಗೆ ಲೆಕ್ಕದ ಉತ್ತರ ಸರಿ ಎಂದು ಹೇಳುವ ದನಿ ಅದು.

"ಕುರೆ, ಚಲ್ ತನ್ಯೊವರ."

ಹೂಂ, ಹುಷಾರಾಗಿ ಹೋಗಿ ಬಾ. ಬನ್ನಿ ಅಲ್ಲ, ಬಾ. ಎರಡು ವರ್ಷದಲ್ಲಿ ಶಾಲೆಯವರಿಂದ ನನಗೆ ಸಿಕ್ಕ ಮೊದಲ ಪನ್‌ಮಲ್. ಕನ್ನಡ ಬಾರದವರಿಗೆ ಇದನ್ನು ವಿವರಿಸಲು ಹೋಗಿ ಸೋತಿದ್ದೇನೆ. ಇಂಗ್ಲಿಷಿನಲ್ಲಿ ಹೇಳಿದರೆ ಅದರಲ್ಲೇನು ವಿಶೇಷ ಎನ್ನುತ್ತಾರೆ. ನನ್ನ ಪಕ್ಕದಲ್ಲಿದ್ದ ಗೃಹವಿಜ್ಞಾನದ ಮೇಡಂಗೆ ಕೇಳಿಸಿತ್ತು. ಅವರು ನನ್ನ ಕಡೆ ನೋಡಿ, ಏನೂ ಹೇಳದೆ, ಇನ್ನೊಂದು ಎಲೆ ತೆಗೆದುಕೊಂಡು ಕಟ್ಟತೊಡಗಿದರು.

ಬಾಗಿಲಲ್ಲಿ ತ್ತೊಕ್ ಪೊಟ್ಟಣಗಳನ್ನು ಹಂಚಿದೆ. ಹುರಿದ ಸೋಯಾ ಹಿಟ್ಟಿನಲ್ಲಿ ಹೊರಳಿಸಿದ ಇನ್‌ಜೊಲ್ಮಿ. ಆ ಹಿಟ್ಟಿನ ರುಚಿ ಹುರಿಗಡಲೆ ಪುಡಿಯ ಹತ್ತಿರಕ್ಕೆ ಬರುತ್ತದೆ. ಅರ್ಧ ಮಲ್ ಸರಿಯಾಗಿ ಸಾಲಿತು, ಒಂದು ಪೊಟ್ಟಣ ಉಳಿಯಿತು. ಎಳೆಯರು ಎರಡನೆಯ ಸುತ್ತಿಗೆಂದು ಹಾಡುವ ಕೋಣೆಗೆ ಹೊರಟರು. ಗಣಿತದ ಮೇಷ್ಟ್ರು ಬೂಟು ಹಾಕಿಕೊಂಡು, ಟೋಪಿ ಕಿವಿಗೆ ಎಳೆದುಕೊಂಡು, ಬಸ್ ನಿಲ್ದಾಣದ ಕಡೆ ನಡೆದರು. ಹಿಂದೆ ತಿರುಗಿ ನೋಡುವ ಜಾತಿಯವರಲ್ಲ.

ಕಾರ್ಯದರ್ಶಿ ಹುಡುಗ ನನ್ನನ್ನು ಪಕ್ಕಕ್ಕೆ ಕರೆದು ಎರಡೂ ಕೈಯಲ್ಲಿ ಬಿಳಿ ಲಕೋಟೆ ಕೊಟ್ಟ. ಹೊರಡುವವರಿಗೆ ಸ್ನೇಹಕೂಟ ಕೊಡುವ ದಾರಿಖರ್ಚು. ಮನೆಗೆ ಬಂದು ಬಿಚ್ಚಿದರೆ ಹಳದಿ ಬಣ್ಣದ 50,000 ವನ್‌ನ ನೋಟು ಒಂದು, ಸೆಜೊಂಗ್ ದೊರೆಯ ಚಿತ್ರದ 10,000ದ ಹಸಿರು ನೋಟು ಮೂರು. ಜೊತೆಗೆ ಮುತ್ತಿನಂಥ ಅಕ್ಷರದಲ್ಲಿ ಒಂದು ಚೀಟಿ: ವಿದಾಯದ ಮೊತ್ತ 100,000, ಬಾಕಿ ಇರುವ ಫೆಬ್ರವರಿ ವಂತಿಗೆ 20,000, ಉಳಿಕೆ 80,000.

ರಾತ್ರಿ ಅಮ್ಮನಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದೆ, ಕೈತುತ್ತು, ಬೆಳ್ಳುಳ್ಳಿ, ಗಣಿತದ ಮೇಷ್ಟ್ರು, ಲಕೋಟೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು:

"ಎಂಬತ್ತು ಸಾವಿರದ ಮೇಲೆ ಒಂದು ರೂಪಾಯಿ ಇಟ್ಟಿರಲಿಲ್ಲವೇನೇ?"